ಕೊಲ್ಹಾಪುರದಲ್ಲಿ ನುಡಿದ ಕನ್ನಡ

ಹುಕ್ಕೇರಿ ಭಾಗದ ಜನರಿಗೆ ಕೊಲ್ಹಾಪುರ ದೂರದ ಊರಲ್ಲ. ಸಂಕೇಶ್ವರ, ನಿಪ್ಪಾಣಿಗಳ ಮಾರ್ಗವಾಗಿ ಹೊರಟರೆ ಸುಮಾರು ಎರಡು ತಾಸಿನ ಹಾದಿ. ಮಹಾಲಕ್ಷ್ಮಿಯ ದರ್ಶನಕ್ಕೆಂದು, ಬೆಲ್ಲದ ಪೇಟೆಗೆಂದು, ಮದುವೆಯ ಜವಳಿಗೆಂದು, ದವಾಖಾನೆಗೆಂದು ನಮ್ಮ ಹಿರಿಯರು ಅಲ್ಲಿಗೆ ಹೋಗಿಬರುತ್ತಿದ್ದರು, ನಾವೂ ಹೋಗಿಬರುತ್ತೇವೆ. ಆದರೆ ತೆರೆಕಂಡ ಕನ್ನಡದ ಮೊಟ್ಟಮೊದಲ ಮಾತಿನ ಚಿತ್ರವು ರೂಪುಗೊಂಡದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ, ನಮ್ಮ ನೆರೆಯ ಈ ಕೊಲ್ಹಾಪುರದಲ್ಲಿ ಎಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಆ ಚಿತ್ರದ ಹೆಸರು ‘ಸತಿ ಸುಲೋಚನ’. ಚಮನಲಾಲ್ ಡುಂಗಾಜಿಯವರು ಬಂಡವಾಳ ಹೂಡಿದರು, ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಾಹಿತ್ಯ ಒದಗಿಸಿದರು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್ ಅಭಿನಯಿಸಿದರು. ಮಾತಿನ ಚಿತ್ರ ತೆಗೆಯುವ ಅನುಕೂಲ ಆಗ ಕನ್ನಡನಾಡಿನಲ್ಲಿ ಇರಲಿಲ್ಲ. ಕೊಲ್ಹಾಪುರವಾದರೋ ಬಾಬೂರಾವ್ ಪೇಂಟರ್ ಅವರ ಮೂಕಿಚಿತ್ರಗಳಿಂದ ಹೆಸರಾದ ಊರು. 1929ರಲ್ಲಿ ಪ್ರಭಾತ್ ಸಂಸ್ಥೆ ಹುಟ್ಟಿದ ಊರು. ಹೀಗಾಗಿ ನಮ್ಮ ರಂಗಭೂಮಿಯ ಕಲಾವಿದರು ಅಲ್ಲಿಯ ಛತ್ರಪತಿ ಸ್ಟುಡಿಯೋದಲ್ಲಿ ಬಣ್ಣ ಹಚ್ಚಿದರು. 1934ರ ಮಾರ್ಚ್ 3ರಂದು ಚಿತ್ರವು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಬೆಳ್ಳಿತೆರೆಯ ಮೇಲೆ ಕನ್ನಡದ ಮಾತು ಕೇಳಿಬಂದ ಆ ದಿನದ ಸಂಭ್ರಮವನ್ನು ಓದುಗರೇ ಊಹಿಸಿಕೊಳ್ಳಬಹುದು.

ಊಹಿಸಿಕೊಳ್ಳುವುದಷ್ಟೇ ಇಂದು ನಮಗೆ ಉಳಿದಿರುವುದು. ಆ ಚಿತ್ರದ ಪ್ರತಿ ಈಗ ಎಲ್ಲಿಯೂ ದೊರೆಯುವುದಿಲ್ಲ. ಛಾಯಾಚಿತ್ರಗಳು, ನೋಡಿದವರ ನೆನಪಿನ ಮಾತುಗಳು ಬರವಣಿಗೆಯಲ್ಲಿ ಉಳಿದಿವೆ. ಇಂದ್ರಜಿತುವಿನ ಗರ್ಜನೆಯಾಗಲಿ, ಸುಲೋಚನೆಯ ಶೋಕವಾಗಲಿ ನಮ್ಮ ಕಿವಿಗೆ ಬೀಳುವಂತಿಲ್ಲ. ಒಂದು ಭಾಷೆಯ ಮಕ್ಕಳು ತಮ್ಮ ಚಿತ್ರರಂಗದ ತೊದಲು ನುಡಿಯನ್ನೇ ಕಳೆದುಕೊಂಡಿದ್ದಾರೆ.

ಇದು ಹೇಗಾಯಿತು? ಅಂದಿನ ಚಿತ್ರಗಳನ್ನು ನೈಟ್ರೇಟ್ ಎಂಬ ರಾಸಾಯನಿಕದ ಫಿಲ್ಮಿನ ಮೇಲೆ ಮುದ್ರಿಸುತ್ತಿದ್ದರು. ಅದು ಬೇಗನೆ ಹೊತ್ತಿಕೊಳ್ಳುವ ವಸ್ತು. ಸೆಕೆಗೂ ತೇವಕ್ಕೂ ಕ್ರಮೇಣ ಅಂಟಂಟಾಗಿ, ಕೊನೆಗೆ ಪುಡಿಯಾಗಿಬಿಡುತ್ತದೆ. ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಅಂಶವಿರುತ್ತಿದ್ದುದರಿಂದ, ಓಡುವಷ್ಟು ದಿನ ಓಡಿದ ಚಿತ್ರಗಳನ್ನು ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಎಲ್ಲಕ್ಕಿಂತ ಮಿಗಿಲಾದ ಕಾರಣವೆಂದರೆ, ಇದನ್ನು ಕಾಪಾಡಬೇಕೆಂದು ಯಾರಿಗೂ ತೋರದೆ ಹೋದದ್ದು. ಆಟ ಮುಗಿಯಿತು, ಪೆಟ್ಟಿಗೆ ಮೂಲೆ ಸೇರಿತು.

ಇದರೊಡನೆ ಇನ್ನೊಂದು ನಿದರ್ಶನವನ್ನು ಹೋಲಿಸಿ ನೋಡಬೇಕು. ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬ್ಳೀಕರ್ ಅವರು 1939ರಲ್ಲಿ ವಿ. ಶಾಂತಾರಾಮರ ಮರಾಠಿ ಚಿತ್ರ ‘ಮಾಣೂಸ್’ನಲ್ಲಿ ನಾಯಕಿಯಾದರು. ಅಷ್ಟರಲ್ಲಿ ಪ್ರಭಾತ್ ಸಂಸ್ಥೆ ಕೊಲ್ಹಾಪುರದಿಂದ ಪುಣೆಗೆ ಸ್ಥಳಾಂತರಗೊಂಡಿತ್ತು. ಆ ಚಿತ್ರ ಇಂದಿಗೂ ಉಳಿದಿದೆ. ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ಮುಖ, ನಗೆ, ಹಾಡು, ಎಂಟು ದಶಕಗಳು ಉರುಳಿದ ಮೇಲೂ ನಮ್ಮೆದುರು ಜೀವಂತವಾಗಿ ನಿಲ್ಲುತ್ತವೆ. ಐದು ವರ್ಷಗಳ ಅಂತರದಲ್ಲಿ ತಯಾರಾದ ಎರಡು ಚಿತ್ರಗಳಲ್ಲಿ ಒಂದು ಉಳಿಯಿತು, ಇನ್ನೊಂದು ಅಳಿಯಿತು. ಉಳಿದದ್ದು ಹೆಚ್ಚು ಗಟ್ಟಿಯ ವಸ್ತುವಿನಿಂದ ಮಾಡಿದ್ದೆಂದಲ್ಲ. ಕಾಪಾಡುವ ಕೈಗಳು ಅದಕ್ಕೆ ದೊರೆತವು.

ಅಂಥ ಕೈಗಳಲ್ಲಿ ಪಿ.ಕೆ. ನಾಯರ್ ಅವರದು ಮೊದಲು ನೆನೆಯಬೇಕಾದ ಹೆಸರು. 1964ರಲ್ಲಿ ಭಾರತದ ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪನೆಯಾಯಿತು. ಅದನ್ನು ಕಟ್ಟಿ ಬೆಳೆಸಿದ ನಾಯರ್ ಅವರು ಹಳೆಯ ಚಿತ್ರಗಳ ಡಬ್ಬಿಗಳನ್ನು ಅರಸುತ್ತ ದೇಶವನ್ನೆಲ್ಲ ಸುತ್ತಿದರು. ದಾದಾಸಾಹೇಬ ಫಾಲ್ಕೆಯವರ ಚಿತ್ರಗಳ ಉಳಿದ ಸುರುಳಿಗಳು ನಾಡಿಗೆ ದಕ್ಕುವಲ್ಲಿ ಫಾಲ್ಕೆ ಕುಟುಂಬದವರ ನೆರವೂ ಇತ್ತು. ಮನೆಯಲ್ಲಿ ಜೋಪಾನವಾಗಿದ್ದುದರಿಂದಲೇ ಅದು ರಾಷ್ಟ್ರದ ಸೊತ್ತಾಗಲು ಸಾಧ್ಯವಾಯಿತು. 2003ರ ಜನವರಿಯಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು ಅನೇಕ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. ಮೊದಲೇ ಬೇರೆ ಫಿಲ್ಮಿಗೆ ಪ್ರತಿ ಮಾಡಿಸಿಟ್ಟಿದ್ದ ಚಿತ್ರಗಳು ಮಾತ್ರ ಉಳಿದುಕೊಂಡವು. ಒಂದೇ ಪ್ರತಿಯನ್ನು ಒಂದೇ ಕಡೆ ಇಟ್ಟು ನೆಮ್ಮದಿಯಿಂದಿರಲಾಗದು ಎಂಬ ಪಾಠ ಅದರಲ್ಲಿದೆ.

ಕಾಪಿಟ್ಟರೆ ಏನು ಫಲ ದೊರೆಯುತ್ತದೆ ಎಂಬುದಕ್ಕೂ ಕನ್ನಡದಲ್ಲೇ ಸಾಕ್ಷಿಯಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದ ಮೂಲ ನೆಗೆಟಿವ್ ಭಂಡಾರದಲ್ಲಿ ಉಳಿದಿದ್ದುದರಿಂದ ಅದನ್ನು ಶುದ್ಧೀಕರಿಸಿ ಹೊಸದಾಗಿಸಲು ಸಾಧ್ಯವಾಯಿತು. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಆ ಚಿತ್ರ ಮತ್ತೆ ಬೆಳಕು ಕಂಡಿತು.

ಕಾಪಿಡುವ ಈ ಕೆಲಸದ ಬೆಲೆ ಏನೆಂಬುದನ್ನು ನಮ್ಮ ಮನೆತನಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶರಣರ ವಚನಗಳು ನಮಗೆ ದೊರೆತದ್ದಾದರೂ ಹೇಗೆ? ಹಳ್ಳಿಯ ಮನೆಗಳ ಜಗುಲಿಯ ಮೇಲೆ, ಮಠಗಳ ಕಪಾಟುಗಳಲ್ಲಿ ಬಟ್ಟೆಯ ಕಟ್ಟಿನೊಳಗೆ ಇದ್ದ ತಾಡೋಲೆಗಳನ್ನು ಡಾ. ಫ.ಗು. ಹಳಕಟ್ಟಿಯವರು ಹುಡುಕಿ ತಂದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯಲ್ಲೇ ಅಚ್ಚಾಯಿತು. ಓದಲು ಬಾರದಿದ್ದರೂ ಓಲೆಯನ್ನು ಒಲೆಗೆ ಹಾಕದೆ ಉಳಿಸಿದ ಅನಾಮಿಕ ತಾಯಂದಿರಿಲ್ಲದಿದ್ದರೆ ಹಳಕಟ್ಟಿಯವರ ಕೈಗೆ ಏನು ತಾನೇ ಸಿಗುತ್ತಿತ್ತು? ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ, ರಾಜಕುಮಾರ್ ಅವರು ಬಿಜ್ಜಳನಾಗಿ ಅಭಿನಯಿಸಿದ 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದ ಹಿಂದೆಯೂ ಆ ತಾಯಂದಿರ ಪಾಲು ಇದೆ ಎಂದು ಹೇಳಬೇಕು.

ದೂರದರ್ಶನದ ಕಥೆಯೂ ಇದಕ್ಕೆ ಹೊರತಲ್ಲ. ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾಯಿತು. ಊರಿಗೊಂದೋ ಎರಡೋ ಪೆಟ್ಟಿಗೆಗಳಿದ್ದ ಆ ದಿನಗಳಲ್ಲಿ ನೆರೆಹೊರೆಯವರೆಲ್ಲ ಒಂದೇ ಪಡಸಾಲೆಯಲ್ಲಿ ಕುಳಿತು ನೋಡಿದ್ದನ್ನು ಅನೇಕರು ಮರೆತಿರಲಾರರು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಉಳಿದು, ಇಂದಿನ ಮಕ್ಕಳಿಗೂ ಪ್ರಿಯವಾಗಿದೆ. ಇಂಗ್ಲೆಂಡಿನ ಬಿಬಿಸಿಯಂಥ ದೊಡ್ಡ ಸಂಸ್ಥೆಯೇ 1960 ಮತ್ತು 70ರ ದಶಕಗಳಲ್ಲಿ ತನ್ನ ಎಷ್ಟೋ ಕಾರ್ಯಕ್ರಮಗಳ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿ, ಬಳಿಕ ಪರಿತಪಿಸಿತು. ಈಗ ಪ್ರಸಾರ ಭಾರತಿಯು ತನ್ನ ಸಂಗ್ರಹದ ಹಳೆಯ ತುಣುಕುಗಳನ್ನು ಅಂತರ್ಜಾಲದಲ್ಲಿ ಬಿಡುಗಡೆ ಮಾಡುತ್ತಿದೆ. ಹಿಂದೆ ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರಗಳೂ ಅಲ್ಲಿ ನೋಡಸಿಗುತ್ತವೆ. ರಜೆಯ ದಿನ ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಇಂಥ ತುಣುಕುಗಳನ್ನು ನೋಡಬೇಕು. ‘ಇದು ಯಾವ ಊರು? ಆಗ ಹೀಗೆ ಉಡುತ್ತಿದ್ದಿರಾ?’ ಎಂದು ಮಕ್ಕಳು ಕೇಳುವ ಪ್ರಶ್ನೆಗಳಿಂದಲೇ ಮನೆಯ ಇತಿಹಾಸ ಬಿಚ್ಚಿಕೊಳ್ಳುತ್ತದೆ.

ಆದರೆ ಯಾವ ಸರಕಾರಿ ಭಂಡಾರದಲ್ಲೂ ಇಲ್ಲದ ಚಿತ್ರಗಳು ನಮ್ಮ ಅಟ್ಟಗಳ ಮೇಲಿವೆ. ಹುಕ್ಕೇರಿಯ ನಮ್ಮ ಬಂಧುಗಳ ಮನೆಯಲ್ಲಿ ಈಚೆಗೆ 1992ರ ಮದುವೆಯ ವಿಡಿಯೋ ಕ್ಯಾಸೆಟ್ಟೊಂದು ದೊರೆಯಿತು. ಸುರಗಿಯ ಸಮಯದಲ್ಲಿ ಹಿರಿಯಜ್ಜಿ ಸೋಬಾನ ಪದ ಹಾಡಿದ್ದು ಅದರಲ್ಲಿದೆ ಎಂದು ಎಲ್ಲರಿಗೂ ನೆನಪು. ಆ ಅಜ್ಜಿ ಲಿಂಗೈಕ್ಯರಾಗಿ ಇಪ್ಪತ್ತು ವರ್ಷಗಳಾದವು. ಅವರ ಪದಗಳನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ಕ್ಯಾಸೆಟ್ಟಿಗೆ ಬೂಸು ಹಿಡಿದಿತ್ತು. ಬಲ್ಲವರಲ್ಲಿಗೆ ಒಯ್ದು ಶುದ್ಧಗೊಳಿಸಿದಾಗ ಕೆಲವೇ ನಿಮಿಷಗಳ ಚಿತ್ರ ದಕ್ಕಿತು. ಅಜ್ಜಿ ಸೆರಗು ಸರಿಪಡಿಸಿಕೊಂಡು, ಕಿವಿಯ ಮೇಲೆ ಕೈಯಿಟ್ಟು ಎರಡು ನುಡಿ ಹಾಡುತ್ತಾರೆ. ಮೂರನೆಯ ನುಡಿಗೆ ಪರದೆ ಬರಿದಾಗುತ್ತದೆ. ಅವರ ಹಿರಿಮಗಳು, ಈಗ ಎಪ್ಪತ್ತು ದಾಟಿದವರು, ‘ಅವ್ವಾ, ಮುಂದಿಂದು ಹೇಳ’ ಎಂದು ಆ ಬರಿದಾದ ಪರದೆಯನ್ನೇ ಕೇಳಿದರು.

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ವಿನಂತಿ. ಮದುವೆ, ಜಾತ್ರೆ, ಪುರಾಣ ಪ್ರವಚನ, ಊರಿನ ನಾಟಕಗಳ ಹಳೆಯ ಕ್ಯಾಸೆಟ್ಟುಗಳು ಮನೆಯಲ್ಲಿದ್ದರೆ ಇಂದೇ ಹೊರತೆಗೆಯಿರಿ. ಕ್ಯಾಸೆಟ್ಟು ನುಡಿಸುವ ವಿಸಿಆರ್ ಯಂತ್ರಗಳ ತಯಾರಿಕೆ 2016ರಲ್ಲೇ ನಿಂತುಹೋಗಿದೆ; ಉಳಿದಿರುವ ಯಂತ್ರಗಳೂ ಒಂದೊಂದಾಗಿ ಕೆಡುತ್ತಿವೆ. ಬೂಸು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ಯಂತ್ರಕ್ಕೆ ಹಾಕಬೇಡಿ. ಟೇಪು ಹರಿದೀತು, ಯಂತ್ರವೂ ಕೆಟ್ಟೀತು. ತಿಳಿದವರಿಂದ ಡಿಜಿಟಲ್ ರೂಪಕ್ಕೆ ವರ್ಗಾಯಿಸಿ, ಎರಡು ಪ್ರತಿ ಮಾಡಿಸಿ, ಎರಡು ಬೇರೆ ಮನೆಗಳಲ್ಲಿ ಇಡಿರಿ. ಮೂಲವನ್ನು ಎಸೆಯದೆ, ತೇವ ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿ ಇಡಿರಿ. ಯಾವ ವರ್ಷ, ಯಾವ ಊರು, ಕಾಣುವವರು ಯಾರು ಯಾರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಹೆಸರಿಲ್ಲದ ಮುಖ ಮುಂದಿನ ತಲೆಮಾರಿಗೆ ಅಪರಿಚಿತರ ಮುಖವಾಗಿಬಿಡುತ್ತದೆ.

‘ಮೆಟ್ರೊಪೊಲಿಸ್’ ಎಂಬ 1927ರ ಜರ್ಮನ್ ಚಿತ್ರದ ಕಳೆದುಹೋದ ಭಾಗಗಳು 2008ರಲ್ಲಿ ದೂರದ ಅರ್ಜೆಂಟೀನಾದ ವಸ್ತುಸಂಗ್ರಹಾಲಯವೊಂದರಲ್ಲಿ ದೊರೆತವು. ‘ಸತಿ ಸುಲೋಚನ’ದ ಒಂದು ಸುರುಳಿಯೂ ಎಂದಾದರೊಂದು ದಿನ ಯಾವುದೋ ಹಳೆಯ ಟೆಂಟ್ ಟಾಕೀಸಿನ ಪೆಟ್ಟಿಗೆಯಲ್ಲಿ ದೊರೆಯಲೆಂದು ಹಾರೈಸೋಣ. ಆ ಚಿತ್ರವನ್ನು ಮರಳಿ ತರುವುದು ನಮ್ಮ ಕೈಯಲ್ಲಿಲ್ಲ. ಅಟ್ಟದ ಮೇಲಿನ ಕ್ಯಾಸೆಟ್ಟು ಮಾತ್ರ ನಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ.