ಚರ್ಚ್ ವೆಬ್‌ಸೈಟಿಗೆ ಕನ್ನ: ‘ಫೈಲ್ ಇನ್‌ಕ್ಲೂಶನ್’ ದೋಷ ಎಂದರೇನು, ನಾವು ಮಾಡಬೇಕಾದುದೇನು?

ಇಂದು ಕರಾವಳಿಯ ಅನೇಕ ಚರ್ಚ್‌ಗಳಿಗೆ ತಮ್ಮದೇ ಆದ ವೆಬ್‌ಸೈಟ್ ಇದೆ. ಬಲಿಪೂಜೆಯ ಸಮಯ, ವಾರ್ಷಿಕ ಮಹೋತ್ಸವದ ಚಿತ್ರಗಳು, ವಾಳೆಗಳ ವಿವರ, ಮರಣ ವಾರ್ತೆ, ಕಟ್ಟಡ ನಿಧಿಗೆ ದೇಣಿಗೆ ಕಳುಹಿಸಲು ಬ್ಯಾಂಕ್ ಖಾತೆ ಸಂಖ್ಯೆ, ಎಲ್ಲವೂ ಅಲ್ಲಿ ಸಿಗುತ್ತವೆ. ಮುಂಬಯಿ, ದುಬೈ, ಕುವೈಟ್‌ಗಳಲ್ಲಿರುವ ನಮ್ಮವರು ಊರಿನ ಸುದ್ದಿ ತಿಳಿಯುವುದೂ ಇದರಿಂದಲೇ.

ಈ ವೆಬ್‌ಸೈಟ್‌ಗಳಲ್ಲಿ ಹೆಚ್ಚಿನವು ನಮ್ಮ ಯುವಕ ಯುವತಿಯರು ಬಿಡುವಿನ ವೇಳೆಯಲ್ಲಿ ಉಚಿತವಾಗಿ ಮಾಡಿಕೊಟ್ಟವು. ಅವರು ಕಲಿತು ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಾರೆ. ವಿಜಯನಗರ, ಮಾರೇನಹಳ್ಳಿ, ರಾಜಾಜಿನಗರದ ಕಡೆ ಬಾಡಿಗೆ ಮನೆ ಮಾಡಿ ಅಲ್ಲಿಯೇ ನೆಲೆಸುತ್ತಾರೆ. ವೆಬ್‌ಸೈಟ್ ಮಾತ್ರ ಅಂದು ಮಾಡಿಟ್ಟ ಹಾಗೆಯೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕೆಟ್ಟಂತೆ ಕಾಣುವುದಿಲ್ಲ. ಆದರೆ ಒಳಗೆ ಹಳೆಯ ಪ್ಲಗಿನ್ ಒಂದು ಬಾಗಿಲು ತೆರೆದುಕೊಂಡು ಕುಳಿತಿರಬಹುದು. ಇಂತಹ ದೋಷಗಳಲ್ಲಿ ಬಹಳ ಹಳೆಯದೂ ಇಂದಿಗೂ ಕಾಣಸಿಗುವುದೂ ಆದ ‘ಫೈಲ್ ಇನ್‌ಕ್ಲೂಶನ್’ ದೋಷದ ಬಗ್ಗೆ ಈ ಲೇಖನದಲ್ಲಿ ಸರಳವಾಗಿ ತಿಳಿಸಲು ಬಯಸುತ್ತೇವೆ.

ಪ್ಲಗಿನ್ ಎಂದರೇನು?

ಇಂದು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಹತ್ತರಲ್ಲಿ ನಾಲ್ಕು ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದ ಮೇಲೆ ನಡೆಯುತ್ತವೆ. ಇದು ಮೊದಲು ಬಿಡುಗಡೆಯಾದದ್ದು 2003ರ ಮೇ ತಿಂಗಳಲ್ಲಿ. ಇದನ್ನು ಒಂದು ಮನೆ ಎಂದುಕೊಂಡರೆ, ಪ್ಲಗಿನ್‌ಗಳು ಆಮೇಲೆ ಜೋಡಿಸುವ ಸಲಕರಣೆಗಳು. ಮುಖಪುಟದಲ್ಲಿ ಚಿತ್ರಗಳು ಒಂದಾದ ಮೇಲೊಂದು ಸರಿಯಬೇಕೆಂದರೆ ಒಂದು ಪ್ಲಗಿನ್, ಫೋಟೋ ಆಲ್ಬಂಗೆ ಇನ್ನೊಂದು, ಸಂಪರ್ಕ ಅರ್ಜಿಗೆ ಮತ್ತೊಂದು. ಇವನ್ನು ಬರೆದವರು ಜಗತ್ತಿನ ಬೇರೆ ಬೇರೆ ಕಡೆ ಇರುವ ಬೇರೆ ಬೇರೆ ಜನ. ಕೆಲವರು ಎಚ್ಚರಿಕೆಯಿಂದ ಬರೆಯುತ್ತಾರೆ, ಕೆಲವರು ಅವಸರದಲ್ಲಿ ಬರೆಯುತ್ತಾರೆ, ಇನ್ನು ಕೆಲವರು ಬರೆದು ಬಿಟ್ಟುಬಿಡುತ್ತಾರೆ.

ದೋಷ ಇರುವುದು ಎಲ್ಲಿ?

ಚರ್ಚ್ ಕಚೇರಿಯಲ್ಲಿ ಒಬ್ಬ ಗುಮಾಸ್ತರಿದ್ದಾರೆ ಎಂದುಕೊಳ್ಳೋಣ. ಕಿಟಕಿಯಲ್ಲಿ ಯಾರು ಚೀಟಿ ಕೊಟ್ಟರೂ ಅದರಲ್ಲಿ ಬರೆದ ಕಡತವನ್ನು ಒಳಗಿನಿಂದ ತಂದು ಕೊಡುವುದು ಅವರ ಕೆಲಸ. ಹೊರಗಿನ ಕಪಾಟಿನಲ್ಲಿರುವ ಮಹೋತ್ಸವದ ಚಿತ್ರಗಳನ್ನು ಮಾತ್ರ ಕೊಡಬೇಕು ಎಂಬುದು ನಿಯಮ. ಆದರೆ ಒಬ್ಬ ಅಪರಿಚಿತ ಬಂದು ‘ಆ ಕಪಾಟಿನಿಂದ ಒಂದು ಕೋಣೆ ಹಿಂದೆ ಹೋಗಿ, ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕೀಲಿಗೊಂಚಲು ತನ್ನಿ’ ಎಂದು ಚೀಟಿ ಬರೆಯುತ್ತಾನೆ. ಗುಮಾಸ್ತರು ಚೀಟಿಯಲ್ಲಿ ಏನಿದೆ ಎಂದು ಯೋಚಿಸದೆ ಅದನ್ನೂ ತಂದುಕೊಡುತ್ತಾರೆ. ಫೈಲ್ ಇನ್‌ಕ್ಲೂಶನ್ ದೋಷ ಎಂದರೆ ಇಷ್ಟೇ.

ವೆಬ್‌ಸೈಟ್‌ನಲ್ಲಿ ಆ ಚೀಟಿ ಎಂದರೆ ಬ್ರೌಸರಿನ ಮೇಲ್ಭಾಗದಲ್ಲಿ ಕಾಣುವ ವಿಳಾಸ. ಅದರ ಕೊನೆಯಲ್ಲಿ ‘ಈ ಚಿತ್ರವನ್ನು ತೋರಿಸು’ ಎಂದು ಒಂದು ಫೈಲಿನ ಹೆಸರು ಇರುತ್ತದೆ. ಆ ಹೆಸರಿನ ಜಾಗದಲ್ಲಿ ಎರಡು ಚುಕ್ಕೆ ಮತ್ತು ಒಂದು ಓರೆಗೆರೆ ಬರೆದರೆ ‘ಒಂದು ಫೋಲ್ಡರ್ ಹಿಂದಕ್ಕೆ ಹೋಗು’ ಎಂದು ಕಂಪ್ಯೂಟರ್ ಅರ್ಥ ಮಾಡಿಕೊಳ್ಳುತ್ತದೆ. ಹೀಗೆ ಹಿಂದಕ್ಕೆ ಹೋಗುತ್ತಾ ಸರ್ವರ್‌ನ ಗುಟ್ಟಿನ ಫೈಲುಗಳವರೆಗೆ ತಲುಪಬಹುದು. ಬಂದ ಹೆಸರನ್ನು ಪರೀಕ್ಷಿಸಿ ‘ಇದು ನಿನಗೆ ಸಲ್ಲದು’ ಎಂದು ಹೇಳಬೇಕಾದದ್ದು ಪ್ಲಗಿನ್‌ನ ಕೆಲಸ. ಆ ಪರೀಕ್ಷೆ ಬಿಟ್ಟುಹೋದಲ್ಲಿ ದೋಷ ಹುಟ್ಟುತ್ತದೆ.

ಎರಡು ಬಗೆ

ಸರ್ವರ್‌ನ ಒಳಗಿನ ಫೈಲನ್ನೇ ಹೊರತೆಗೆಯುವುದು ಅಥವಾ ಓಡಿಸುವುದು ಒಂದು ಬಗೆ. ಇದಕ್ಕೆ ‘ಲೋಕಲ್ ಫೈಲ್ ಇನ್‌ಕ್ಲೂಶನ್’ ಎನ್ನುತ್ತಾರೆ. ಎರಡನೆಯದು ‘ರಿಮೋಟ್ ಫೈಲ್ ಇನ್‌ಕ್ಲೂಶನ್’. ಇಲ್ಲಿ ದುಷ್ಕರ್ಮಿ ತನ್ನ ಬಳಿ ಇರುವ ಫೈಲಿನ ವಿಳಾಸವನ್ನು ಕೊಡುತ್ತಾನೆ. ನಮ್ಮ ಸರ್ವರ್ ಅದನ್ನು ತನ್ನದೇ ಎಂದು ತಂದು ಓಡಿಸುತ್ತದೆ. ಅಲ್ಲಿಗೆ ಇಡೀ ವೆಬ್‌ಸೈಟ್ ಆತನ ಕೈವಶ.

2006ರ ಸುಮಾರಿಗೆ ಜೂಮ್ಲಾ, ಮ್ಯಾಂಬೋ ಮುಂತಾದ ತಂತ್ರಾಂಶಗಳ ಜೋಡಣೆಗಳಲ್ಲಿ ಎರಡನೆಯ ಬಗೆಯ ದೋಷ ಬಹಳ ಕಂಡುಬಂದಿತ್ತು. ಈ ವೆಬ್‌ಸೈಟ್‌ಗಳೆಲ್ಲ ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದವು. 2006ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 5.2 ಆವೃತ್ತಿಯಲ್ಲಿ ಹೊರಗಿನ ಫೈಲನ್ನು ಹೀಗೆ ಸೇರಿಸಿಕೊಳ್ಳುವ ಸೌಲಭ್ಯಕ್ಕೆ ಪ್ರತ್ಯೇಕ ಬೀಗ ಹಾಕಿ, ಅದನ್ನು ಮುಚ್ಚಿಯೇ ಕೊಡಲಾಯಿತು. ಇದರಿಂದ ಎರಡನೆಯ ಬಗೆ ಬಹಳ ಕಡಿಮೆಯಾಯಿತು. ಆದರೆ ಮೊದಲನೆಯದು ನಿಲ್ಲಲಿಲ್ಲ.

2011ರ ಆಗಸ್ಟ್‌ನಲ್ಲಿ ಬೆಳಕಿಗೆ ಬಂದ ‘ಟಿಮ್‌ಥಂಬ್’ ಪ್ರಕರಣ ಇದಕ್ಕೆ ಹತ್ತಿರದ್ದು. ಚಿತ್ರಗಳನ್ನು ಚಿಕ್ಕದು ಮಾಡುವ ಈ ಪುಟ್ಟ ಪ್ರೋಗ್ರಾಂ ವರ್ಡ್‌ಪ್ರೆಸ್‌ನ ಅನೇಕ ಥೀಮ್‌ಗಳ ಒಳಗೆ ಸೇರಿಕೊಂಡಿತ್ತು. ಫ್ಲಿಕರ್, ಬ್ಲಾಗರ್‌ನಂತಹ ಕೆಲವು ನಂಬಿಕೆಯ ತಾಣಗಳಿಂದ ಮಾತ್ರ ಚಿತ್ರ ತರಬೇಕೆಂಬ ಪಟ್ಟಿ ಅದರಲ್ಲಿತ್ತು. ಆದರೆ ಆ ತಾಣದ ಹೆಸರು ವಿಳಾಸದಲ್ಲಿ ಎಲ್ಲಾದರೂ ಇದೆಯೇ ಎಂದಷ್ಟೇ ಅದು ನೋಡುತ್ತಿತ್ತು. ತನ್ನ ವಿಳಾಸದ ಮುಂದೆ ಆ ಹೆಸರನ್ನು ಸೇರಿಸಿಕೊಂಡ ಯಾರಾದರೂ ಒಳಗೆ ಬರಬಹುದಾಗಿತ್ತು. ಬಿಷಪರ ಹೆಸರು ಹೇಳಿದವರೆಲ್ಲ ಬಿಷಪರ ನಿವಾಸದಿಂದಲೇ ಬಂದವರು ಎಂದು ನಂಬಿದ ಹಾಗಾಯಿತು.

2014ರ ದೊಡ್ಡ ಪಾಠ

ನಮ್ಮಂತಹ ಸಣ್ಣ ವೆಬ್‌ಸೈಟ್‌ಗಳು ಗಮನಿಸಬೇಕಾದ ಪ್ರಕರಣ ‘ಸ್ಲೈಡರ್ ರೆವಲ್ಯೂಶನ್’ ಪ್ಲಗಿನ್‌ನದ್ದು. ಮುಖಪುಟದಲ್ಲಿ ದೊಡ್ಡ ಚಿತ್ರಗಳನ್ನು ಸರಿಸಿ ತೋರಿಸುವ ಜನಪ್ರಿಯ ಪ್ಲಗಿನ್ ಇದು. ಇದರಲ್ಲಿ ಚಿತ್ರ ತೋರಿಸುವ ಒಂದು ಸೌಲಭ್ಯವಿತ್ತು. ಚಿತ್ರದ ಹೆಸರಿನ ಬದಲು ವರ್ಡ್‌ಪ್ರೆಸ್‌ನ ‘ಕಾನ್ಫಿಗ್’ ಫೈಲಿನ ಹೆಸರು ಕೊಟ್ಟರೆ ಅದನ್ನೂ ತೋರಿಸುತ್ತಿತ್ತು. ಆ ಫೈಲಿನಲ್ಲಿ ಇರುವುದು ವೆಬ್‌ಸೈಟ್‌ನ ಡೇಟಾಬೇಸಿನ ಹೆಸರು ಮತ್ತು ಪಾಸ್‌ವರ್ಡ್. ಇದಕ್ಕೆ ಲಾಗಿನ್ ಕೂಡ ಬೇಕಿರಲಿಲ್ಲ.

ತಯಾರಕರು 2014ರ ಫೆಬ್ರವರಿಯಲ್ಲಿಯೇ 4.2 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದ್ದರು. ಆದರೆ ಬಹಿರಂಗವಾಗಿ ಹೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಸುಕುರಿ ಎಂಬ ಭದ್ರತಾ ಸಂಸ್ಥೆ ಇದನ್ನು ಪ್ರಕಟಿಸುವ ಹೊತ್ತಿಗೆ ದುಷ್ಕರ್ಮಿಗಳು ಬಳಸಲು ಶುರುಮಾಡಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ‘ಸೋಕ್‌ಸೋಕ್’ ಎಂಬ ಹೆಸರಿನ ದಾಳಿ ನಡೆದು, ಗೂಗಲ್ ಹನ್ನೊಂದು ಸಾವಿರಕ್ಕೂ ಹೆಚ್ಚು ತಾಣಗಳನ್ನು ‘ಅಪಾಯಕಾರಿ’ ಪಟ್ಟಿಗೆ ಸೇರಿಸಿತು. ಒಂದು ಲಕ್ಷಕ್ಕೂ ಹೆಚ್ಚು ವೆಬ್‌ಸೈಟ್‌ಗಳಿಗೆ ಸೋಂಕು ತಗಲಿರಬಹುದೆಂದು ಸುಕುರಿ ಅಂದಾಜು ಮಾಡಿತು.

ಪರಿಹಾರ ಹತ್ತು ತಿಂಗಳ ಹಿಂದೆಯೇ ಬಂದಿದ್ದರೂ ಇಷ್ಟು ಮಂದಿ ಸಿಕ್ಕಿಬಿದ್ದದ್ದು ಏಕೆ? ಈ ಪ್ಲಗಿನ್ ಹಣ ಕೊಟ್ಟು ಕೊಳ್ಳುವ ಥೀಮ್‌ಗಳ ಒಳಗೇ ಬರುತ್ತಿತ್ತು. ಥೀಮ್ ಕೊಂಡವರಿಗೆ ತಮ್ಮಲ್ಲಿ ಇಂತಹದೊಂದು ಪ್ಲಗಿನ್ ಇದೆ ಎಂಬುದೇ ಗೊತ್ತಿರಲಿಲ್ಲ. ತಮ್ಮಲ್ಲಿ ಇದೆ ಎಂದು ತಿಳಿಯದ ವಸ್ತುವನ್ನು ಯಾರೂ ದುರಸ್ತಿ ಮಾಡಿಸುವುದಿಲ್ಲ. ಈ ಪ್ರಕರಣದಿಂದ ನಾವು ಕಲಿಯಬೇಕಾದ ಮುಖ್ಯ ಮಾತು ಇದೇ.

ನಮ್ಮ ಚಿಕ್ಕ ವೆಬ್‌ಸೈಟಿಗೆ ಯಾರು ಬರುತ್ತಾರೆ?

ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಉತ್ತರ ಸರಳ. ಯಾರೂ ಕುಳಿತು ನಮ್ಮ ಚರ್ಚಿನ ಹೆಸರು ಹುಡುಕುವುದಿಲ್ಲ. ದೋಷವಿರುವ ಪ್ಲಗಿನ್ ಎಲ್ಲಿದೆ ಎಂದು ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಸಾವಿರಾರು ವೆಬ್‌ಸೈಟ್‌ಗಳ ಬಾಗಿಲು ತಟ್ಟುತ್ತಿರುತ್ತವೆ. ತೆರೆದ ಬಾಗಿಲು ಬ್ಯಾಂಕಿನದ್ದೋ ಚರ್ಚಿನದ್ದೋ ಎಂದು ಅವು ನೋಡುವುದಿಲ್ಲ.

ಒಳಗೆ ಬಂದವನು ಮಾಡಬಹುದಾದ ಕೇಡು ಮಾತ್ರ ಚಿಕ್ಕದಲ್ಲ. ಮುಖಪುಟದಲ್ಲಿ ಅಶ್ಲೀಲ ಅಥವಾ ಜೂಜಿನ ಜಾಹೀರಾತು ಬಂದರೆ ನಮಗೆ ಕೂಡಲೇ ತಿಳಿಯುತ್ತದೆ. ತಿಳಿಯದೆ ನಡೆಯುವುದೇ ಹೆಚ್ಚು ಅಪಾಯ. ಮಹೋತ್ಸವದ ನೊವೆನಾ ದಿನಗಳಲ್ಲಿ ದೇಣಿಗೆಯ ಖಾತೆ ಸಂಖ್ಯೆಯ ನಾಲ್ಕು ಅಂಕೆಗಳನ್ನೋ ಕ್ಯೂಆರ್ ಕೋಡಿನ ಚಿತ್ರವನ್ನೋ ಬದಲಾಯಿಸಿದರೆ, ಕುವೈಟ್‌ನಿಂದ ಹಣ ಕಳುಹಿಸಿದವರಿಗೂ ತಿಳಿಯದು, ಇಲ್ಲಿ ಕಾಯುವ ಖಜಾಂಚಿಯವರಿಗೂ ತಿಳಿಯದು. ಕುಟುಂಬಗಳ ಪಟ್ಟಿ, ದೂರವಾಣಿ ಸಂಖ್ಯೆ, ಮಕ್ಕಳ ಜನನ ಮತ್ತು ದೀಕ್ಷಾಸ್ನಾನದ ದಿನಾಂಕ ಸರ್ವರ್‌ನಲ್ಲಿದ್ದರೆ ಅವೂ ಹೊರಗೆ ಹೋಗುತ್ತವೆ. ವಂಚಕರು ಫೋನ್ ಮಾಡಿ ನಂಬಿಸಲು ಇಂತಹ ವಿವರಗಳನ್ನೇ ಬಳಸುತ್ತಾರೆ.

ಕಾನೂನೂ ಈಗ ಬಿಗಿಯಾಗುತ್ತಿದೆ. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಮಾಡಲಾಗಿದೆ. ಜನರ ವಿವರ ಸಂಗ್ರಹಿಸಿದವರು ಅದನ್ನು ಕಾಪಾಡಬೇಕು ಎಂಬುದು ಇದರ ಸಾರ.

ಪಾಲನಾ ಮಂಡಳಿ ಮಾಡಬಹುದಾದ ಕೆಲಸ

ಇದಕ್ಕೆ ದೊಡ್ಡ ಖರ್ಚು ಬೇಡ. ಒಂದು ಸಭೆ, ಒಂದು ಪುಸ್ತಕ, ಜವಾಬ್ದಾರಿ ಹೊರುವ ಇಬ್ಬರು ವ್ಯಕ್ತಿಗಳು ಸಾಕು.

1. ವೆಬ್‌ಸೈಟ್‌ನ ಹೆಸರು, ಹೋಸ್ಟಿಂಗ್, ಅಡ್ಮಿನ್ ಪಾಸ್‌ವರ್ಡ್ ಇವು ಯಾರ ಹೆಸರಿನಲ್ಲಿವೆ ಎಂದು ಬರೆದಿಡಿ. ಮಾರೇನಹಳ್ಳಿಯಲ್ಲೋ ಮಸ್ಕತ್‌ನಲ್ಲೋ ಇರುವ ಯುವಕರ ಸ್ವಂತ ಇಮೇಲ್‌ನಲ್ಲಿದ್ದರೆ ಅವರಿಗೆ ಫೋನ್ ಮಾಡಿ, ಕೃತಜ್ಞತೆ ಹೇಳಿ, ಚರ್ಚಿನ ಇಮೇಲ್‌ಗೆ ವರ್ಗಾಯಿಸಿಕೊಳ್ಳಿ.

2. ಯಾವ ಯಾವ ಪ್ಲಗಿನ್ ಇದೆ, ಥೀಮ್‌ನ ಒಳಗೆ ಏನೇನು ಬಂದಿದೆ ಎಂದು ಪಟ್ಟಿ ಮಾಡಿಸಿ.

3. ಬೇಡವಾದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿದರೆ ಸಾಲದು, ಅಳಿಸಿಹಾಕಿ. ನಿಷ್ಕ್ರಿಯವಾದ ಪ್ಲಗಿನ್‌ನ ಫೈಲುಗಳು ಸರ್ವರ್‌ನಲ್ಲಿಯೇ ಉಳಿಯುತ್ತವೆ. ಕೆಲವು ದೋಷಗಳನ್ನು ಆಗಲೂ ಬಳಸಲು ಸಾಧ್ಯ.

4. ಉಳಿದವನ್ನು ಅಪ್‌ಡೇಟ್ ಮಾಡಿ. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಪ್ಲಗಿನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವಂತೆ ಮಾಡುವ ಆಯ್ಕೆ ಇದೆ. ಹಣ ಕೊಟ್ಟು ತಂದವುಗಳ ಪರವಾನಗಿ ಮುಗಿದಿದ್ದರೆ ಅಪ್‌ಡೇಟ್ ಬರುವುದಿಲ್ಲ ಎಂಬುದು ನೆನಪಿರಲಿ.

5. ಹಣ ಕೊಟ್ಟು ಪಡೆಯಬೇಕಾದ ಥೀಮ್‌ನ ಕಳ್ಳಪ್ರತಿಯನ್ನು ಬಿಟ್ಟಿ ಸಿಕ್ಕಿತೆಂದು ಹಾಕಬೇಡಿ. ಅವುಗಳ ಒಳಗೆ ಕಳ್ಳಬಾಗಿಲು ಇಟ್ಟೇ ಹಂಚುವವರಿದ್ದಾರೆ.

6. ಕುಟುಂಬಗಳ ದಾಖಲೆಯನ್ನು ವೆಬ್‌ಸೈಟ್‌ನ ಸರ್ವರ್‌ನಲ್ಲಿ ಇಡಬೇಡಿ. ಅಲ್ಲಿ ಇಲ್ಲದ್ದನ್ನು ಯಾರೂ ಅಲ್ಲಿಂದ ಕದಿಯಲಾರರು.

7. ತಿಂಗಳಿಗೊಮ್ಮೆ ವೆಬ್‌ಸೈಟ್‌ನ ಪೂರ್ತಿ ಪ್ರತಿಯನ್ನು ಬೇರೆ ಕಡೆ ಉಳಿಸಿ. ಖಜಾಂಚಿಯವರು ವಾರಕ್ಕೊಮ್ಮೆ ಮೊಬೈಲ್‌ನಲ್ಲಿ ದೇಣಿಗೆ ಪುಟ ತೆರೆದು ಖಾತೆ ಸಂಖ್ಯೆಯನ್ನು ಪಾಸ್‌ಬುಕ್‌ನೊಂದಿಗೆ ಹೋಲಿಸಲಿ.

ದಾಳಿ ನಡೆದಿದೆ ಎಂದು ತಿಳಿದರೆ

ಪ್ಲಗಿನ್ ಅಪ್‌ಡೇಟ್ ಮಾಡಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಬೀಗ ಹೊಸದಾದರೂ, ಕಳ್ಳನು ಈಗಾಗಲೇ ಹಿಂಬಾಗಿಲಿನ ಕೀಲಿ ಮಾಡಿಸಿಕೊಂಡಿರಬಹುದು. ಡೇಟಾಬೇಸ್, ಅಡ್ಮಿನ್, ಹೋಸ್ಟಿಂಗ್, ಇಮೇಲ್, ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಬೇಕು. ಅಡ್ಮಿನ್ ಪಟ್ಟಿಯಲ್ಲಿ ಅಪರಿಚಿತ ಹೆಸರು ಸೇರಿದೆಯೇ ನೋಡಬೇಕು. ದಾಳಿಗಿಂತ ಮೊದಲಿನ ಪ್ರತಿಯಿಂದ ವೆಬ್‌ಸೈಟನ್ನು ಮರಳಿ ಕಟ್ಟಿ, ಪ್ಲಗಿನ್ ಅಪ್‌ಡೇಟ್ ಮಾಡಿದ ಮೇಲೆಯೇ ತೆರೆಯುವುದು ಉತ್ತಮ. ಸರ್ವರ್‌ನ ಲಾಗ್ ದಾಖಲೆಗಳನ್ನು ಅಳಿಸದೆ ತೆಗೆದಿಡಿ, ತನಿಖೆಗೆ ಅವೇ ಆಧಾರ.

ಹಣ ಕಳೆದುಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ವೆಬ್‌ಸೈಟ್ ಮೇಲಿನ ದಾಳಿಯನ್ನು 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಗೂ ತಿಳಿಸಬಹುದು. ಎಲ್ಲಕ್ಕಿಂತ ಮೊದಲು ಭಕ್ತಾದಿಗಳಿಗೆ ತಿಳಿಸಿ. ಚರ್ಚಿನ ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದರೆ, ಮರುದಿನವೂ ಯಾರೋ ಒಬ್ಬರು ತಪ್ಪು ಖಾತೆಗೆ ಹಣ ಕಳುಹಿಸುತ್ತಾರೆ.

ಚರ್ಚ್ ಕಟ್ಟಡದ ಕೀಲಿ ಯಾರ ಬಳಿ ಇದೆ ಎಂದು ಕೇಳಿದರೆ ಪ್ರತಿಯೊಂದು ಚರ್ಚಿನಲ್ಲಿಯೂ ಉತ್ತರ ಸಿಗುತ್ತದೆ. ವೆಬ್‌ಸೈಟ್‌ನ ಕೀಲಿಯ ಬಗ್ಗೆಯೂ ಹಾಗೆಯೇ ಉತ್ತರ ಸಿಗುವಂತಾಗಲಿ. ಪಾಲನಾ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೂ ಹತ್ತು ನಿಮಿಷ ಮೀಸಲಿಡಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.