ಸಾಲವೇ ಅಪರಾಧವಾದಾಗ



ನಮ್ಮ ಮಡಕಶಿರದ ಸೀಮೆ ಮಳೆ ನಂಬಿದ ಕಡಲೆಕಾಯಿ ಸೀಮೆ. ಬೆಳೆ ಕೈಕೊಟ್ಟರೆ, ಕೊರೆಸಿದ ಬೋರ್‌ವೆಲ್ಲಿನಲ್ಲಿ ನೀರು ಬಾರದಿದ್ದರೆ ರೈತ ಸಾಲಕ್ಕೆ ಹೋಗಲೇಬೇಕು. ಹಿಂದೆ ಪ್ರಾಮಿಸರಿ ನೋಟು ಸಾಕಾಗುತ್ತಿತ್ತು. ಈಗ ಸಹಿ ಹಾಕಿದ ಖಾಲಿ ಚೆಕ್ಕನ್ನೂ ಕೇಳುವುದುಂಟು. ಕೊಡುವವನಿಗೆ ಅದು ನಂಬಿಕೆಯ ಗುರುತು. ಕಾನೂನಿಗೆ ಅದು ಬೇರೆಯೇ.

ಸಾಲ ತೀರಿಸದಿರುವುದು ಮೂಲತಃ ಸಿವಿಲ್ ವ್ಯಾಜ್ಯ. ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 1988ರಲ್ಲಿ 138ನೇ ಸೆಕ್ಷನ್ ಸೇರಿತು. 1989ರ ಏಪ್ರಿಲ್ 1ರಿಂದ, ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿ, ನೋಟಿಸಿನ ನಂತರವೂ ಹಣ ಕೊಡದಿದ್ದರೆ ಅದು ಅಪರಾಧ. ಒಂದು ವರ್ಷವಿದ್ದ ಸೆರೆವಾಸದ ಮಿತಿಯನ್ನು 2002ರ ತಿದ್ದುಪಡಿ ಎರಡು ವರ್ಷಕ್ಕೆ ಏರಿಸಿತು. ಖಾಲಿ ಚೆಕ್ಕಿಗೆ ತಾನಾಗಿ ಸಹಿ ಹಾಕಿ ಕೊಟ್ಟವನೂ ಇದರಿಂದ ಸುಲಭವಾಗಿ ಪಾರಾಗಲಾರ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಚೆಕ್ಕಿನ ಮೇಲೆ ಜನರಿಗೆ ನಂಬಿಕೆ ಬರಲಿ ಎಂಬ ಉದ್ದೇಶ ಒಳ್ಳೆಯದೇ. ಕೈಸಾಲ ಕೊಟ್ಟು ಮೋಸಹೋದ ಬಡವರೂ ಇದ್ದಾರೆ. ಆದರೆ ಫಲವೇನು? 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ಕಿನವು. 2021ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ಮೊಕದ್ದಮೆಯನ್ನು ತೋಳದ ವೇಷ ತೊಟ್ಟ ಕುರಿಗೆ ಹೋಲಿಸಿತು: ಒಳಗಿರುವುದು ಸಿವಿಲ್, ಹೊರಗಿರುವುದು ಕ್ರಿಮಿನಲ್. ಶುಭಸಂದೇಶದಲ್ಲಿ ನಾವು ಕೇಳಿರುವುದು ಕುರಿವೇಷದ ತೋಳಗಳ ಮಾತು. ಇಲ್ಲಿ ಅದು ತಿರುಗುಮುರುಗು!

ಎಲ್ಲ ಕೇಡಿಗೂ ಜೈಲೇ ಮದ್ದೆಂಬ ಈ ಭಾವನೆ ಲೋಕದಲ್ಲೆಲ್ಲ ಹಬ್ಬುತ್ತಿದೆ. 2014ರ ಅಕ್ಟೋಬರ್ 23ರಂದು ದಂಡನ ಕಾನೂನಿನ ಪಂಡಿತರೊಡನೆ ಮಾತನಾಡಿದ ಪೋಪ್ ಫ್ರಾನ್ಸಿಸರು, ಬೇರೆಬೇರೆ ಕಾಯಿಲೆಗಳಿಗೆ ಒಂದೇ ಔಷಧಿ ಬರೆದುಕೊಟ್ಟಂತಾಗಿದೆ ಎಂದು ಇದನ್ನು ಖಂಡಿಸಿದ್ದರು. ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲು ಹೊರಡಬಾರದು, ಸಮಾಜ ಉಳಿಯದಂತೆ ಮಾಡುವ ಘೋರ ಕೃತ್ಯಗಳನ್ನು ತಡೆದರೆ ಸಾಕು ಎಂಬುದು 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರ ವಿಚಾರ. ನಮ್ಮ ಸರ್ಕಾರವೂ 2023ರ ಜನ ವಿಶ್ವಾಸ ಕಾಯ್ದೆಯ ಮೂಲಕ 42 ಕಾಯ್ದೆಗಳ 183 ಅಂಶಗಳನ್ನು ಸಡಿಲಿಸಿತು. ಚೆಕ್ಕಿನ ಕಲಮನ್ನು ಕೈಬಿಡುವ ಬಗ್ಗೆ 2020ರಲ್ಲಿ ಅಭಿಪ್ರಾಯ ಕೇಳಿದ್ದರೂ ಅದು ಹಾಗೆಯೇ ಉಳಿಯಿತು.

ಆದ್ದರಿಂದ ಎಚ್ಚರ ನಮ್ಮದಾಗಿರಲಿ. ಖಾಲಿ ಚೆಕ್ಕಿಗೆ ಸಹಿ ಬೇಡ. ವಕೀಲರ ನೋಟಿಸು ಬಂದರೆ ಹೆದರಿ ಬಚ್ಚಿಡಬೇಡಿ. ತಲುಪಿದ 15 ದಿನದೊಳಗೆ ಹಣ ಕೊಟ್ಟರೆ ಅಪರಾಧವೇ ಇಲ್ಲ. ಕೇಸು ಯಾವ ಹಂತದಲ್ಲಿದ್ದರೂ ರಾಜಿಯಾಗಬಹುದು. ಲೋಕ ಅದಾಲತ್ತಿನ ಬಾಗಿಲು ತೆರೆದಿದೆ.

ಸಾಲ ಕೊಟ್ಟವರಿಗೂ ಒಂದು ಮಾತು. ಚಿಕ್ಕ ಸಾಲಕ್ಕಾಗಿ ಜೊತೆಗಾರನನ್ನು ಸೆರೆಗೆ ತಳ್ಳಿದ ಸೇವಕನ ಸಾಮತಿ ನಮಗೆಲ್ಲ ಗೊತ್ತು. ಅವನಿಗೆ ಆ ಹಣ ಮರಳಿತೆಂದು ಸಾಮತಿ ಎಲ್ಲಿಯೂ ಹೇಳುವುದಿಲ್ಲ. ಸೆರೆಯಲ್ಲಿರುವವನು ಹೊಲ ಉಳಲಾರ, ಸಾಲ ತೀರಿಸಲಾರ. ಠಾಣೆ, ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಅವನ ಮನೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ನೋಡೋಣ.