ಎರಡು ಗಾಜಿನ ನಡುವಿನ ಮಂಜು

ಪ್ರಶ್ನೆ: ರೈಲಿನ ಎಸಿ ಬೋಗಿಯಲ್ಲಿ ನನ್ನ ಕಿಟಕಿ ಮಬ್ಬಾಗಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಏಕೆ? (ಸೊರಬದ ಓದುಗರು)

ನೀವು ಒರೆಸಿದ್ದು ಒಳಗಡೆಯ ಗಾಜನ್ನು. ಹನಿ ಕುಳಿತದ್ದು ಎರಡು ಗಾಜುಗಳ ನಡುವಿನ ಸಂದಿಯಲ್ಲಿ, ಯಾರ ಬಟ್ಟೆಯೂ ತಲುಪದ ಕಡೆ.

ತಂಪು ಉಳಿಯಲೆಂದು ಜೋಡಿ ಗಾಜು ಹಾಕಿ, ನಡುವೆ ಒಣಗಾಳಿ ಇಟ್ಟು ಅಂಚು ಮುಚ್ಚುತ್ತಾರೆ. ಉತ್ತಮ ಕಿಟಕಿಗೆ ಎರಡು ಬಗೆಯ ಅಂಟು ಬೇಕು. ಒಳಗಿನದು ಬ್ಯೂಟೈಲ್ ರಬ್ಬರ್ ಜಾತಿಯದು, ಮೆತ್ತಗಿನದು. ನೀರಾವಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಗಾಜನ್ನು ಬಿಗಿಹಿಡಿಯುವ ಕಸುವು ಅದಕ್ಕಿಲ್ಲ. ಹೊರಗಿನದು ಪಾಲಿಸಲ್ಫೈಡ್ ಅಥವಾ ಸಿಲಿಕೋನ್. ಸಿಲಿಕೋನ್ ಬಿಸಿಲಿಗೂ ಜಗ್ಗದೆ ಹಿಡಿದುಕೊಳ್ಳುತ್ತದೆ, ಆದರೆ ಆವಿಯನ್ನು ಸಲೀಸಾಗಿ ಒಳಬಿಡುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಈ ಜೋಡಿ ನನಗೆ ಬಹಳ ಇಷ್ಟ. ಗಾಜುಗಳನ್ನು ದೂರವಿಡುವ ಪಟ್ಟಿಯೊಳಗೆ ಸಾಸಿವೆಯಂಥ ಜಿಯೋಲೈಟ್ ಮಣಿಗಳಿರುತ್ತವೆ. ಅವುಗಳ ರಂಧ್ರ ಸುಮಾರು 0.3 ನ್ಯಾನೋಮೀಟರ್. ನೀರಿನ ಅಣು ನುಸುಳುತ್ತದೆ, ಸಾರಜನಕದ್ದು ನುಸುಳದು.

ಶಿಕಾರಿಪುರ, ಸೊರಬದ ಮನೆಗಳ ಹಪ್ಪಳದ ಡಬ್ಬಿ ನೆನೆಸಿಕೊಳ್ಳಿ. ಮುಚ್ಚಳ ಬಿಗಿಯಿದ್ದರೆ ಆಷಾಢದ ಮಳೆಯಲ್ಲೂ ಹಪ್ಪಳ ಒಣಗಿದಂತೇ ಇರುತ್ತದೆ. ಒಂದು ಕಡೆ ಸಡಿಲಾದರೆ ಬೂಸ್ಟು ಹಿಡಿಯುತ್ತದೆ. ಕಿಟಕಿಯದೂ ಅದೇ ಕತೆ. ಹಗಲ ಬಿಸಿಲಿಗೆ ಸಂದಿಯ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಹೀಗೆ ಎಳೆದಾಡಿ ಅಂಟು ಎಲ್ಲೋ ಬಿಡುತ್ತದೆ. ಮಳೆನೀರು ನಿಲ್ಲುವ ಕೆಳಅಂಚಿಗೆ ಅಪಾಯ ಹೆಚ್ಚು. ಆಮೇಲೆ ಪ್ರತಿ ಸಲ ಕುಗ್ಗುವಾಗಲೂ ತೇವದ ಗಾಳಿ ಒಳಗೆ ಬರುತ್ತದೆ. ಮಣಿಗಳು ಹೀರುವಷ್ಟು ಹೀರಿ ತುಂಬಿದ ಮೇಲೆ, ಎಸಿಯಿಂದ ತಣ್ಣಗಾದ ಗಾಜಿನ ಬೆನ್ನಿಗೆ ಹನಿ ಕಟ್ಟುತ್ತದೆ.

ಹೊರಗಿನಿಂದ ಸಿಲಿಕೋನ್ ಬಳಿದರೆ ಒಳಗಿನ ನೀರು ಹೋಗದು. ಗಾಜಿನ ಜೋಡಿಯನ್ನೇ ಬದಲಿಸಬೇಕು.